ಸಿನಿಮಾಕ್ಕೆ ಅಳೆದ ಹಾಲ್‌ನಲ್ಲಿ ಹಾಡುಗಾರ್ತಿ ಎಲ್ಲಿ ಕೂರಬೇಕು?

ಸಂಪಾದಕರಿಗೆ ನಮಸ್ಕಾರ.

ಕಳೆದ ಭಾನುವಾರದ ಪುರವಣಿಯಲ್ಲಿ ಹೋಮ್ ಥಿಯೇಟರ್ ಕೊಳ್ಳುವವರಿಗೆ ಸಲಹೆ ಕೊಡುವ ಬರಹ ಓದಿದೆ. ಟಿವಿ ಎಷ್ಟು ಇಂಚು ಇರಬೇಕು, ಸ್ಪೀಕರ್‌ಗಳಿಗೆ ದನಿ ಹಂಚುವ ರಿಸೀವರ್ ಎಷ್ಟು ವಾಟ್, 5.1 ಸಾಕೋ 7.1 ಬೇಕೋ, ಎಲ್ಲ ಚೆನ್ನಾಗಿ ಬಂದಿದೆ. ಕೊನೆಯಲ್ಲಿ ಮಾತ್ರ, ರಿಸೀವರ್ ಜೊತೆ ಬರುವ ಮೈಕ್ ಇಟ್ಟು ಆಟೋ ಕ್ಯಾಲಿಬ್ರೇಷನ್ (ಕೋಣೆಯಲ್ಲಿ ದನಿ ಹೇಗೆ ಬರುತ್ತದೆ ಎಂದು ಯಂತ್ರವೇ ಅಳೆದು ಸ್ಪೀಕರ್‌ಗಳನ್ನು ಹೊಂದಿಸುವುದು) ಓಡಿಸಿಬಿಟ್ಟರೆ ಸಿನಿಮಾಕ್ಕೂ ಸಂಗೀತಕ್ಕೂ ಕೋಣೆ ಸಿದ್ಧ ಎಂದು ಬರೆದಿದ್ದಾರೆ. ಸಿನಿಮಾದ ಮಟ್ಟಿಗೆ ಒಪ್ಪುತ್ತೇನೆ. ಸಂಗೀತದ ಮಟ್ಟಿಗೆ ಒಪ್ಪಲಾರೆ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಕತ್ತರಿಸುವುದಿದ್ದರೆ ದಯವಿಟ್ಟು ಅಂಕಿಗಳನ್ನು ಮಾತ್ರ ಕತ್ತರಿಸಬೇಡಿ.

ನಾನು ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಡುವವಳು. ಸಂಗೀತ ಕೇಳುವುದು ಚಿಕ್ಕಂದಿನಿಂದ ಬಂದ ಚಟ. ನಮ್ಮ ಮನೆಯವರಿಗೆ ಸಿನಿಮಾ ಮತ್ತು ಕ್ರಿಕೆಟ್. ಹೋದ ವರ್ಷ ಮನೆಗೆ 5.1 ಸೆಟ್ ಬಂತು. ಟಿವಿಯ ಅಕ್ಕಪಕ್ಕ ಎರಡು ಟವರ್ ಸ್ಪೀಕರ್, ಕೆಳಗೆ ಒಂದು ಸೆಂಟರ್, ಹಿಂದೆ ಎರಡು ಚಿಕ್ಕವು, ಮೂಲೆಯಲ್ಲಿ ಮಂದ್ರದ ಸದ್ದಿಗೆಂದೇ ಇರುವ ಸಬ್‌ವೂಫರ್. ಅಂಗಡಿಯ ಹುಡುಗ ಬಂದು ವೈರ್ ಎಳೆದು, ಮೈಕ್ ಇಟ್ಟು, 'ಪೀಂ ಪೀಂ' ಅನ್ನಿಸಿ, ಒಂದು ಹೊಡೆದಾಟದ ದೃಶ್ಯ ಹಾಕಿ ತೋರಿಸಿ ಹೋದ. ಕಿಟಕಿ ಗಾಜು ಅದುರಿತು. ಮನೆಯವರಿಗೆ ಖುಷಿಯೋ ಖುಷಿ.

ಸಂಜೆ ನಾನು ಕರ್ನಾಟಕ ಸಂಗೀತ ಕಛೇರಿಯ ಒಂದು ಸಿಡಿ ಹಾಕಿದೆ. ಅದನ್ನು ಹಳೆಯ ಎರಡು ಸ್ಪೀಕರ್‌ಗಳಲ್ಲಿ ಎಷ್ಟೋ ಕಾಲ ಕೇಳಿದ್ದೇನೆ. ನಡುವೆ ಹಾಡುಗಾರ್ತಿ, ಎಡಕ್ಕೆ ಮೃದಂಗ, ಬಲಕ್ಕೆ ಪಿಟೀಲು. ಸಭೆಯಲ್ಲೂ ಹಾಗೇ ಅಲ್ವಾ? ಬಲಗೈ ರೂಢಿಯ ಮೃದಂಗದವರು ವಾದ್ಯದ ಬಲಮುಖ ಸಭೆಯ ಕಡೆ ಇರುವಂತೆ ಕೂರುತ್ತಾರೆ, ಹಾಗಾಗಿ ನಮ್ಮ ಕಣ್ಣಿಗೆ ಅವರು ಎಡಕ್ಕೆ ಬರುತ್ತಾರೆ. ಹೊಸ ಸೆಟ್ಟಿನಲ್ಲಿ ಹಾಡುಗಾರ್ತಿ ಹೋಗಿ ಪಿಟೀಲಿನವರ ತೊಡೆಯ ಮೇಲೆ ಕೂತಿದ್ದರು. ಇಬ್ಬರೂ ಬಲಗಡೆಯ ಸ್ಪೀಕರ್‌ಗೆ ಅಂಟಿಕೊಂಡಿದ್ದರು. ಮೃದಂಗ ಒಂದೇ ಆ ಕಡೆ ಒಂಟಿಯಾಗಿ ನುಡಿಯುತ್ತಿತ್ತು. ಅದೇ ಸೋಫಾದಲ್ಲಿ ಕೂತು ಸಿನಿಮಾ ನೋಡಿದರೆ ಮಾತು ಮಾತ್ರ ಸರಿಯಾಗಿ ಟಿವಿಯ ನಡುವಿನಿಂದಲೇ ಬರುತ್ತಿತ್ತು.

ಇದಕ್ಕೆ ಕಾರಣ ಇದೆ. ಸಿನಿಮಾದ ಮಾತಿಗೆ ಸೆಂಟರ್ ಸ್ಪೀಕರ್ ಎಂಬ ಒಂದು ಪೆಟ್ಟಿಗೆಯೇ ಇದೆ. ಥಿಯೇಟರಿನಲ್ಲಿ ಎಲ್ಲರಿಗೂ ನಡುವಿನ ಸೀಟು ಸಿಗುವುದಿಲ್ಲ, ಪಕ್ಕದ ಸೀಟಿನವರಿಗೂ ಮಾತು ಪರದೆಯ ಮಧ್ಯದಿಂದ ಬರಲಿ ಎಂದು ಆ ಏರ್ಪಾಡು. ನೀವು ಎಲ್ಲಿ ಕೂತರೂ ಮಾತು ಆ ಪೆಟ್ಟಿಗೆಯಿಂದಲೇ ಬರುತ್ತದೆ. ಅಳತೆ ಕೆಟ್ಟರೂ ಗೊತ್ತಾಗುವುದಿಲ್ಲ. ಸ್ಟೀರಿಯೋ ಸಂಗೀತದಲ್ಲಿ ನಡುವೆ ಪೆಟ್ಟಿಗೆಯೇ ಇಲ್ಲ. ಎಡ ಬಲ ಎರಡರಿಂದಲೂ ಒಂದೇ ದನಿ, ಒಂದೇ ಹೊತ್ತಿಗೆ, ಒಂದೇ ಜೋರಿನಲ್ಲಿ ಬಂದಾಗ ನಮ್ಮ ತಲೆ ಅದನ್ನು ನಡುವೆ ನಿಲ್ಲಿಸಿಕೊಳ್ಳುತ್ತದೆ. ಆ 'ಒಂದೇ' ಎಂಬುದರಲ್ಲಿ ಒಂದು ಏರುಪೇರಾದರೂ ಹಾಡುಗಾರ್ತಿ ಜಾಗ ಬಿಡುತ್ತಾಳೆ.

ಸ್ಟೀರಿಯೋ ಹುಟ್ಟಿದ್ದೂ ಸಿನಿಮಾದ ಮೇಲಿನ ದೂರಿನಿಂದಲೇ ಎಂದು ಹೇಳುತ್ತಾರೆ. ಲಂಡನ್ನಿನಲ್ಲಿ ಇಎಂಐ ಕಂಪನಿಯ ಎಂಜಿನಿಯರ್ ಅಲನ್ ಬ್ಲೂಮ್‌ಲೈನ್ ಹೆಂಡತಿಯ ಜೊತೆ ಸಿನಿಮಾ ನೋಡುತ್ತಿದ್ದಾಗ, ನಟ ಪರದೆಯ ಈ ತುದಿಯಿಂದ ಆ ತುದಿಗೆ ನಡೆದರೂ ದನಿ ಮಾತ್ರ ಒಂದೇ ಸ್ಪೀಕರಿನಿಂದ ಬರುತ್ತಿದ್ದುದು ಅವನಿಗೆ ಸಹಿಸಲಾಗಲಿಲ್ಲವಂತೆ. 1931ರ ಡಿಸೆಂಬರಿನಲ್ಲಿ ಅವನು ಪೇಟೆಂಟ್ ಅರ್ಜಿ ಹಾಕಿದ. ಎರಡು ಸ್ಪೀಕರ್ ಇಟ್ಟು, ಅವೆರಡರ ನಡುವಿನ ಖಾಲಿ ಜಾಗದಲ್ಲಿ ದನಿ ನಿಲ್ಲಿಸುವ ಲೆಕ್ಕ ಅದರಲ್ಲಿದೆ. 1942ರಲ್ಲಿ, ಯುದ್ಧದ ಕಾಲದಲ್ಲಿ, ರೇಡಾರ್ ಪರೀಕ್ಷೆಗೆ ಹೋದ ವಿಮಾನ ಬಿದ್ದು ತೀರಿಕೊಂಡ. ಆಗ ಅವನಿಗೆ 38 ವರ್ಷ. ಸ್ಟೀರಿಯೋ ರೆಕಾರ್ಡು ಅಂಗಡಿಗೆ ಬಂದದ್ದನ್ನು ನೋಡುವ ಭಾಗ್ಯ ಇರಲಿಲ್ಲ ಪಾಪ.

ಈಗ ನಮ್ಮ ಹಾಲ್‌ಗೆ ಬರುತ್ತೇನೆ. 18 ಅಡಿ ಉದ್ದ, 12 ಅಡಿ ಅಗಲ. ಟಿವಿ ಇರುವುದು ಉದ್ದದ ಗೋಡೆಗೆ. ಆ ಗೋಡೆಯ ಬಲಭಾಗದಲ್ಲಿ ದೇವರ ಮನೆಯ ಬಾಗಿಲು ಇರುವುದರಿಂದ ಟಿವಿ ಎಡಕ್ಕೆ ಸರಿದಿದೆ. ಎಡ ಸ್ಪೀಕರಿನಿಂದ ಎರಡೇ ಅಡಿಗೆ ಪಕ್ಕದ ಗೋಡೆ, ಅದಕ್ಕೆ ಅಂಟಿದ ಗಾಜಿನ ಶೋಕೇಸ್. ಬಲ ಸ್ಪೀಕರಿನ ಆಚೆ ಎಂಟು ಅಡಿ ಬಯಲು, ಅಲ್ಲಿಂದ ಊಟದ ಕೋಣೆಗೆ ದಾರಿ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ಸೋಫಾ ಎದುರು ಗೋಡೆಗೆ ಅಂಟಿಕೊಂಡಿತ್ತು. ಓದುಗರಲ್ಲಿ ಹೆಚ್ಚಿನವರ ಹಾಲ್ ಸುಮಾರು ಹೀಗೇ ಇದ್ದೀತು.

ಅಂಗಡಿಯ ಹುಡುಗ ಮೈಕ್ ಇಡುವಾಗ 'ಸಾರ್, ನೀವು ಎಲ್ಲಿ ಕೂರ್ತೀರಿ?' ಎಂದು ಕೇಳಿದ. ನಮ್ಮ ಮನೆಯವರು ಸೋಫಾದ ಎಡ ತುದಿ ತೋರಿಸಿದರು. ಪಕ್ಕದಲ್ಲೇ ಟೀಪಾಯಿ, ಚಾರ್ಜರ್ ಇದೆಯಲ್ಲ, ಅವರ ಕಾಯಂ ಜಾಗ ಅದು. ಹುಡುಗ ಮೊದಲ ಅಳತೆಯನ್ನು ಅಲ್ಲೇ ತೆಗೆದ. ಇಂಥ ಬಹಳಷ್ಟು ವ್ಯವಸ್ಥೆಗಳಲ್ಲಿ ಮೊದಲ ಅಳತೆಯ ಜಾಗವೇ ಮುಖ್ಯ. ಸ್ಪೀಕರ್‌ಗಳು ಎಷ್ಟು ದೂರ ಇವೆ, ಯಾವುದರ ಸದ್ದು ಎಷ್ಟು ಏರಿಸಬೇಕು, ಎಷ್ಟು ಇಳಿಸಬೇಕು ಎಂಬುದನ್ನು ಯಂತ್ರ ಅಲ್ಲಿಂದಲೇ ತೀರ್ಮಾನಿಸುತ್ತದೆ. ಮುಂದಿನ ಅಳತೆಗಳು ದನಿಯ ಬಣ್ಣ ತಿದ್ದಲು ಮಾತ್ರ.

ರಿಸೀವರ್ ಮೆನು ತೆಗೆದು ನೋಡಿದರೆ ಎಡ ಸ್ಪೀಕರ್ 8.7 ಅಡಿ, ಬಲದ್ದು 10.4 ಅಡಿ ಎಂದಿತ್ತು. ಅಂದರೆ ಎಡದ್ದು 1.7 ಅಡಿ ಹತ್ತಿರ. ದನಿ ಸೆಕೆಂಡಿಗೆ ಸುಮಾರು 1,125 ಅಡಿ ಹೋಗುತ್ತದೆ. 1.7 ಅಡಿಗೆ ಬೇಕಾಗುವುದು ಸೆಕೆಂಡಿನ ಸಾವಿರದ ಒಂದೂವರೆ ಭಾಗ, ಅಂದರೆ 1.5 ಮಿಲಿಸೆಕೆಂಡ್. ಯಂತ್ರ ಅಷ್ಟು ಹೊತ್ತು ಎಡ ಸ್ಪೀಕರನ್ನು ತಡೆದು ಬಿಡುತ್ತಿತ್ತು, ಜೊತೆಗೆ ಅದರ ಸದ್ದನ್ನೂ ಸ್ವಲ್ಪ ಇಳಿಸಿತ್ತು. ಎಡ ತುದಿಯಲ್ಲಿ ಕೂತವರಿಗೆ ಲೆಕ್ಕ ಸರಿ. ನಡುವೆ ಕೂತ ನನಗೆ ಎರಡೂ ಸ್ಪೀಕರ್ ಒಂದೇ ದೂರ. ಹಾಗಾಗಿ ಬಲದ್ದು ಮೊದಲು ಬರುತ್ತದೆ, ಜೋರಾಗಿಯೂ ಬರುತ್ತದೆ.

ಒಂದೂವರೆ ಮಿಲಿಸೆಕೆಂಡ್ ಯಾವ ಲೆಕ್ಕ ಅನ್ನಬೇಡಿ. ಪಕ್ಕದಿಂದ ಬಂದ ದನಿ ಒಂದು ಕಿವಿಯಿಂದ ಇನ್ನೊಂದು ಕಿವಿಗೆ ತಲುಪಲು ತೆಗೆದುಕೊಳ್ಳುವ ಹೊತ್ತು ಜಾಸ್ತಿ ಅಂದರೆ 0.7 ಮಿಲಿಸೆಕೆಂಡಿನ ಆಸುಪಾಸು. ನಮ್ಮ ತಲೆ ದಿಕ್ಕು ಹಿಡಿಯುವುದೇ ಇಂಥ ಚೂರುಪಾರು ವ್ಯತ್ಯಾಸದಿಂದ. ಎರಡು ಸ್ಪೀಕರ್‌ಗಳ ನಡುವಿನ ವ್ಯತ್ಯಾಸ ಸುಮಾರು 1 ಮಿಲಿಸೆಕೆಂಡಿನ ಒಳಗಿದ್ದರೆ ದನಿ ನಡುವಿನಿಂದ ಒಂದು ಪಕ್ಕಕ್ಕೆ ಜಾರುತ್ತದೆ. ಅದನ್ನು ದಾಟಿದರೆ ಮೊದಲು ಬಂದ ಸ್ಪೀಕರಿಗೇ ಅಂಟಿಕೊಳ್ಳುತ್ತದೆ. ಜರ್ಮನಿಯ ಹೆಲ್ಮುಟ್ ಹಾಸ್ 1949ರಲ್ಲಿ ಇದನ್ನೇ ಅಧ್ಯಯನ ಮಾಡಿದ. ಇವತ್ತಿಗೂ ಹಾಸ್ ಪರಿಣಾಮ ಎಂದೇ ಕರೆಯುತ್ತಾರೆ.

ಪರಿಹಾರಕ್ಕೆ ಒಂದು ಪೈಸೆ ಖರ್ಚಿಲ್ಲ. ಮೈಕನ್ನು ಸೋಫಾದ ನಡುವೆ, ಕೂತಾಗ ಕಿವಿ ಬರುವ ಎತ್ತರಕ್ಕೆ, ಕ್ಯಾಮೆರಾ ಸ್ಟ್ಯಾಂಡ್ ಮೇಲೆ ಇಟ್ಟು ಮತ್ತೆ ಓಡಿಸಿದೆ. ಸೋಫಾದ ಬೆನ್ನಿಗೆ ತಾಗಿಸಿ ಇಡಬಾರದು, ರೆಕ್ಸಿನ್‌ಗೆ ತಾಗಿ ಮರಳುವ ಸದ್ದೂ ಅಳತೆಗೆ ಸೇರಿಬಿಡುತ್ತದೆ. ಆಮೇಲೆ ಟೇಪು ಹಿಡಿದು ನಾನೇ ಅಳೆದೆ. ಎರಡೂ ಸ್ಪೀಕರ್ 9.4 ಅಡಿ, ಮೆನುವಿನಲ್ಲೂ ಅದೇ ಬಂತು. ಹಾಡುಗಾರ್ತಿ ವಾಪಸ್ ನಡುವೆ ಬಂದರು. ಎಡ ತುದಿಯ ಸೀಟಿನಲ್ಲಿ ಸಿನಿಮಾ ಕೆಟ್ಟಿತೇ? ಇಲ್ಲ. ಮನೆಯವರಿಗೆ ಮೈಕ್ ಜಾಗ ಬದಲಾದದ್ದೇ ಗೊತ್ತಾಗಲಿಲ್ಲ, ನಾನೂ ಹೇಳಲಿಲ್ಲ.

ಆದರೆ ಕತೆ ಇಲ್ಲಿಗೆ ಮುಗಿಯಲಿಲ್ಲ. ದನಿ ನಡುವೆ ಇತ್ತು ನಿಜ, ಆದರೆ ಅಗಲವಾಗಿ ಹರಡಿಕೊಂಡಿತ್ತು. ಗಂಟಲು ಒಂದು ಕಡೆ, 'ಸ' 'ಷ' ಅಕ್ಷರಗಳ ಸೀಟಿ ಇನ್ನೊಂದು ಕಡೆ. ತಂಬೂರಿಯಂತೂ ಎಲ್ಲಿದೆ ಎಂದೇ ತಿಳಿಯುತ್ತಿರಲಿಲ್ಲ. ಫೋನಿನ ಆ್ಯಪ್‌ನಲ್ಲಿ ಯಂತ್ರ ಮಾಡಿದ ತಿದ್ದುಪಡಿಯ ಗೆರೆಗಳನ್ನು ನೋಡಿದಾಗ ಅರ್ಥವಾಯಿತು. ಎಡ ಸ್ಪೀಕರಿಗೆ ಒಂದು ಥರ ತಿದ್ದಿದೆ, ಬಲಕ್ಕೆ ಇನ್ನೊಂದು ಥರ. 2,000 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ) ಹತ್ತಿರ ಎಡದ್ದನ್ನು ಇಳಿಸಿದೆ, 4,000ದ ಹತ್ತಿರ ಬಲದ್ದನ್ನು. ಒಬ್ಬರ ಗಂಟಲಲ್ಲಿ ಈ ಎಲ್ಲ ಕಂಪನಗಳೂ ಸೇರಿರುತ್ತವೆ. ಒಂದಿಷ್ಟು ಬಲಕ್ಕೆ ಎಳೆದರೆ, ಒಂದಿಷ್ಟು ಎಡಕ್ಕೆ ಎಳೆದರೆ, ಆ ದನಿ ಒಂದೇ ಕಡೆ ಹೇಗೆ ನಿಂತೀತು?

ಯಂತ್ರ ಯಾಕೆ ಹೀಗೆ ಮಾಡಿತು? ಶೋಕೇಸ್‌ನಿಂದಾಗಿ. ಎಡ ಸ್ಪೀಕರಿನ ದನಿ ನೇರವಾಗಿ ನನ್ನ ಹತ್ತಿರ ಬರುತ್ತದೆ, ಗಾಜಿಗೆ ತಾಗಿಯೂ ಬರುತ್ತದೆ. ತಾಗಿ ಬಂದದ್ದು 2.3 ಅಡಿ ಜಾಸ್ತಿ ದಾರಿ ನಡೆದು 2 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡೂ ಸೇರಿದಾಗ ಕೆಲವು ಕಂಪನಗಳು ಬಲಿಯುತ್ತವೆ, ಕೆಲವು ಸಾಯುತ್ತವೆ. ಬಲಗಡೆ ಹತ್ತಿರದಲ್ಲಿ ಗೋಡೆಯೇ ಇಲ್ಲದ್ದರಿಂದ ಅಲ್ಲಿ ಇದು ಇಲ್ಲ. ಮೈಕ್ ಎಲ್ಲ ದಿಕ್ಕಿನಿಂದ ಬಂದದ್ದನ್ನೂ ಕೂಡಿಸಿಕೊಳ್ಳುತ್ತದೆ. ಕಿವಿ ಹಾಗಲ್ಲ. ಎರಡು ಕಿವಿ, ಅವುಗಳ ನಡುವೆ ಒಂದು ತಲೆ ಇದೆಯಲ್ಲ, ನೇರ ಬಂದದ್ದು ಯಾವುದು, ಗೋಡೆಯಿಂದ ಬಂದದ್ದು ಯಾವುದು ಎಂದು ತಕ್ಕಮಟ್ಟಿಗೆ ಬೇರ್ಪಡಿಸುತ್ತದೆ. ಗೋಡೆಯ ತಪ್ಪಿಗೆ ಯಂತ್ರ ಸ್ಪೀಕರಿನ ನೇರ ದನಿಯನ್ನೇ ತಿದ್ದಿದರೆ, ಸರಿಯಿದ್ದದ್ದೂ ಕೆಡುತ್ತದೆ.

ಇದು ನನ್ನೊಬ್ಬಳ ಅನಿಸಿಕೆ ಅಲ್ಲ. ಕೆನಡಾದ ನ್ಯಾಷನಲ್ ರಿಸರ್ಚ್ ಕೌನ್ಸಿಲ್‌ನಲ್ಲಿ ಸ್ಪೀಕರ್‌ಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ ಫ್ಲಾಯ್ಡ್ ಟೂಲ್ ಇದನ್ನು ಬಹಳ ಕಾಲದಿಂದ ಹೇಳುತ್ತ ಬಂದಿದ್ದಾರೆ. ಮಂದ್ರದ ಕಂಪನಗಳಲ್ಲಿ ಕೋಣೆಯೇ ಯಜಮಾನ, ಅಲ್ಲಿ ಅಳೆದು ತಿದ್ದಿ. ಅದರ ಮೇಲೆ ಸ್ಪೀಕರ್ ಚೆನ್ನಾಗಿದ್ದರೆ ಅದರ ಪಾಡಿಗೆ ಬಿಡಿ. ನಮ್ಮಂಥ ಮನೆಗಳ ಕೋಣೆಯಲ್ಲಿ ಈ ಗಡಿ ಸುಮಾರು 200ರಿಂದ 300 ಹರ್ಟ್ಸ್ ಹತ್ತಿರ ಬರುತ್ತದೆ.

ನಾನೂ ಹಾಗೇ ಮಾಡಿದೆ. ಆ್ಯಪ್‌ನಲ್ಲಿ ತಿದ್ದುಪಡಿಯನ್ನು 300 ಹರ್ಟ್ಸ್‌ಗೆ ನಿಲ್ಲಿಸುವ ಆಯ್ಕೆ ಇತ್ತು. ನಿಲ್ಲಿಸಿದೆ. ಅದಕ್ಕೂ ಮೊದಲು ಶೋಕೇಸನ್ನು ಊಟದ ಕೋಣೆಗೆ ಸಾಗಿಸಿದೆ, ಅದರೊಳಗಿನ ಟ್ರೋಫಿಗಳ ವಿಚಾರದಲ್ಲಿ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ. ಶೋಕೇಸ್ ಇದ್ದ ಗೋಡೆಗೆ ದಪ್ಪ ಪರದೆ ಬಂತು. ಮುಂದಿನ ಬಾರಿ ಆ ಸಿಡಿ ಹಾಕಿದಾಗ ಹಾಡುಗಾರ್ತಿಯ ಮುಖ ಒಂದು ಮುಖದಷ್ಟೇ ಅಗಲಕ್ಕೆ ಬಂದಿತ್ತು. ತಂಬೂರಿ ಅವರ ಹಿಂದೆ, ಕೊಂಚ ಎಡಕ್ಕೆ. ಪಿಟೀಲು ಅವರ ಹಾಡನ್ನು ಹಿಂಬಾಲಿಸುವಾಗ ಎರಡೂ ಬೇರೆ ಬೇರೆ ಜಾಗದಿಂದ ಬರುವುದು ಸ್ಪಷ್ಟವಾಗಿ ಕೇಳಿಸುತ್ತಿತ್ತು.

ಕ್ಯಾಲಿಬ್ರೇಷನ್ನೇ ದಂಡ ಎಂದು ಯಾರೂ ತಿಳಿಯಬಾರದು. ಮಂದ್ರದಲ್ಲಿ ಅದು ಮಾಡಿದ ಉಪಕಾರ ದೊಡ್ಡದು. 12 ಅಡಿ ಅಗಲದ ಕೋಣೆಯಲ್ಲಿ 47 ಹರ್ಟ್ಸ್ ಕಂಪನ ಎರಡು ಗೋಡೆಗಳ ನಡುವೆ ನಿಂತುಬಿಡುತ್ತದೆ. 1,125ನ್ನು 12ರ ಎರಡರಷ್ಟರಿಂದ ಭಾಗಿಸಿದರೆ ಈ ಲೆಕ್ಕ ಸಿಗುತ್ತದೆ, ಓದುಗರು ತಮ್ಮ ಕೋಣೆಯ ಅಳತೆ ಹಾಕಿ ನೋಡಬಹುದು. ಅದರ ಎರಡರಷ್ಟು, 94ರಲ್ಲಿ ಇನ್ನೊಂದು. ಗೋಡೆಯ ಬುಡದಲ್ಲಿ ಇವುಗಳ ಒತ್ತಡ ಅತಿ ಹೆಚ್ಚು, ನಮ್ಮ ಸೋಫಾ ಇದ್ದದ್ದೂ ಅಲ್ಲೇ. ಹಾಗಾಗಿ ಮೃದಂಗದ ಎಡಗೈ ಗುಮ್ಕಿ (ಎಡಮುಖದ ಗುಂ ಎನ್ನುವ ಮಂದ್ರ ನಾದ) ಬಂದಾಗ ನಾದ ಮುಗಿದರೂ ಕೋಣೆ ಗುಂಯ್‌ಗುಡುತ್ತಲೇ ಇರುತ್ತಿತ್ತು. ಸೋಫಾವನ್ನು ಗೋಡೆಯಿಂದ ಒಂದೂವರೆ ಅಡಿ ಮುಂದಕ್ಕೆ ಎಳೆದು, ಸ್ಪೀಕರ್‌ಗಳನ್ನೂ ಅದಕ್ಕೆ ತಕ್ಕಂತೆ ಸರಿಸಿ ಮತ್ತೆ ಅಳೆದೆ. ಉಳಿದ ಗುಂಯ್‌ಕಾರವನ್ನು ಯಂತ್ರ ತಗ್ಗಿಸಿತು. ಕೈಯಲ್ಲಿ ಇದನ್ನು ಮಾಡಲು ನನ್ನಿಂದ ಆಗುತ್ತಿರಲಿಲ್ಲ.

ತಗ್ಗಿಸುವುದು ಸುಲಭ, ತುಂಬುವುದು ಕಷ್ಟ ಎಂಬುದೂ ನೆನಪಿರಲಿ. ಕೋಣೆಯ ದೆಸೆಯಿಂದ ಯಾವುದೋ ಕಂಪನ ಪೂರ್ತಿ ಸತ್ತಿದ್ದರೆ ಅದನ್ನು ಏರಿಸಲು ಹೋಗಬಾರದು. ಸದ್ದನ್ನು 6 ಡೆಸಿಬಲ್ ಏರಿಸಿದರೆ ಆಂಪ್ಲಿಫೈಯರ್ ನಾಲ್ಕು ಪಟ್ಟು ವಾಟ್ ಕೊಡಬೇಕು. ಆದರೂ ಆ ತಗ್ಗು ತುಂಬುವುದಿಲ್ಲ, ಸ್ಪೀಕರಿಗೆ ಸುಮ್ನೆ ಹಿಂಸೆ. ಕುರ್ಚಿ ಸರಿಸುವುದೇ ಮೇಲು. ಇನ್ನು ಸಬ್‌ವೂಫರ್ ಮೂಲೆಯಲ್ಲಿದ್ದರೆ ಸಂಗೀತದ ಜಾಗ ಕೆಡುತ್ತದೆಯೇ ಎಂದು ಒಬ್ಬ ಗೆಳತಿ ಕೇಳಿದಳು. 80 ಹರ್ಟ್ಸ್‌ಗಿಂತ ಕೆಳಗಿನದನ್ನು ಮಾತ್ರ ಅದಕ್ಕೆ ಕೊಟ್ಟರೆ ಚಿಂತೆಯಿಲ್ಲ, ಆ ಮಂದ್ರದ ದಿಕ್ಕನ್ನು ಕಿವಿ ಗುರುತಿಸುವುದು ಕಷ್ಟ.

ನೆಲದ ಬಗ್ಗೆ ಒಂದು ಮಾತು. ಹಾಲ್‌ನ ನಡುವೆ ನಿಂತು ಚಪ್ಪಾಳೆ ತಟ್ಟಿ. ಟಣಟಣ ಎಂದು ಬಾಲ ಬಂದರೆ ಗೋಡೆ, ನೆಲ, ತಾರಸಿ ಎಲ್ಲ ಬೋಳು ಎಂದರ್ಥ. ನವಲಗುಂದದ ಜಮಖಾನ ಹಾಸಿದರೆ ನೋಡಲು ಬಹಳ ಚಂದ, ನಮ್ಮಲ್ಲೂ ಇದೆ, ಆದರೆ ತೆಳುವಾದ ಹತ್ತಿಯ ಹಾಸು ತಾರಕ್ಕೆ ಮಾತ್ರ ಕಡಿವಾಣ ಹಾಕುತ್ತದೆ. ಅದರ ಕೆಳಗೆ ದಪ್ಪ ಕಂಬಳಿ ಹಾಕಿದರೆ ಇನ್ನಷ್ಟು ಒಳ್ಳೆಯದು. ಪಕ್ಕದ ಗೋಡೆಯಲ್ಲಿ ಪರದೆ ಎಲ್ಲಿ ಬೇಕು ಎಂದು ಕಂಡುಹಿಡಿಯಲು ಕನ್ನಡಿ ಸಾಕು. ನೀವು ಸೋಫಾದಲ್ಲಿ ಕೂತಿರಿ, ಮಗಳಿಗೋ ಮಗನಿಗೋ ಕನ್ನಡಿಯನ್ನು ಗೋಡೆಗೆ ಹಿಡಿದು ಸರಿಸಲು ಹೇಳಿ. ಯಾವ ಜಾಗದಲ್ಲಿ ಅದರೊಳಗೆ ಸ್ಪೀಕರ್ ಕಾಣುತ್ತದೋ ದನಿಯೂ ಅಲ್ಲಿಂದಲೇ ಚಿಮ್ಮಿ ಬರುತ್ತದೆ. ಬೆಳಕಿನ ಪ್ರತಿಫಲನದ ಪಾಠ ಇದಕ್ಕೂ ಅನ್ವಯ.

ಈಗ ಮೆನುವಿನ ವಿಷಯ. ಈ ಆಟೋ ಕ್ಯಾಲಿಬ್ರೇಷನ್‌ಗೆ ಆಡಿಸ್ಸಿ, ಡಿರಾಕ್, ಯಮಾಹಾದವರ ವೈಪಾವೋ, ಹೀಗೆ ಹೆಸರು ನಾನಾ ಥರ. ಒಳಗಿನ ಲೆಕ್ಕ ಬೇರೆ ಬೇರೆ ಇದ್ದರೂ ಬಳಸುವವರು ನೋಡಬೇಕಾದದ್ದು ಹೆಚ್ಚುಕಡಿಮೆ ಒಂದೇ. ತಿದ್ದುಪಡಿಯ ಮೇಲ್ಮಿತಿ ಇಡಲು ಬರುತ್ತದೆಯೇ ನೋಡಿ. ಬರದಿದ್ದರೆ, ಎಡ ಬಲ ಸ್ಪೀಕರಿಗೆ ಮಾತ್ರ ತಿದ್ದುಪಡಿ ಬೇಡ ಎನ್ನುವ ಆಯ್ಕೆ ಇದೆಯೇ ನೋಡಿ. ಡೆನಾನ್, ಮರಾಂಟ್ಜ್‌ನ ಅನೇಕ ರಿಸೀವರ್‌ಗಳಲ್ಲಿ ಅದಕ್ಕೆ 'ಎಲ್/ಆರ್ ಬೈಪಾಸ್' ಎಂದು ಹೆಸರು. ಅದು ಹಾಕಿದರೆ ಆ ಎರಡು ಸ್ಪೀಕರಿನ ಮಂದ್ರದ ತಿದ್ದುಪಡಿಯೂ ಹೋಗುತ್ತದೆ, ಕೇಳಿ ನೋಡಿ ತೀರ್ಮಾನಿಸಬೇಕು. ಕಡಿಮೆ ಸದ್ದಿನಲ್ಲಿ ಮಂದ್ರ ಏರಿಸಿ, ಹಿಂದಿನ ಸ್ಪೀಕರ್‌ಗಳನ್ನೂ ಏರಿಸುವ ಡೈನಾಮಿಕ್ ಇಕ್ಯೂ ಥರದ್ದು ರಾತ್ರಿ ಸಿನಿಮಾ ನೋಡಲು ಒಳ್ಳೆಯದು, ಕಛೇರಿ ಕೇಳುವಾಗ ಆರಿಸಿ. ಎಲ್ಲ ಸ್ಪೀಕರಿನಿಂದಲೂ ಹಾಡು ಸುರಿಸುವ ಮೋಡ್ ಹುಟ್ಟುಹಬ್ಬದ ಪಾರ್ಟಿಗೆ ಇರಲಿ.

ಯಾವ ಆ್ಯಪೂ ಬೇಡ, ಅಳತೆಯೂ ಬೇಡ ಅನ್ನುವವರಿಗೆ ಒಂದು ಪರೀಕ್ಷೆ ಹೇಳುತ್ತೇನೆ. ಐವತ್ತು, ಅರವತ್ತರ ದಶಕದ ಯಾವುದಾದರೂ ಹಳೆಯ ಕನ್ನಡ ಚಿತ್ರಗೀತೆ ಹಾಕಿ. ಅವೆಲ್ಲ ಮೋನೋ ರೆಕಾರ್ಡಿಂಗ್. ಎಡಕ್ಕೂ ಬಲಕ್ಕೂ ಅಕ್ಷರಶಃ ಒಂದೇ ದನಿ ಹೋಗುತ್ತದೆ. ಆಮೇಲೆ ಸ್ಟೀರಿಯೋ ಆಗಿಸಿದ್ದೇವೆ ಎಂದು ಮಾರುವ ಪ್ರತಿ ಬೇಡ, ಮೂಲದ್ದೇ ಇರಲಿ. ರಿಸೀವರನ್ನು ಬರೀ ಸ್ಟೀರಿಯೋ ಮೋಡ್‌ಗೆ ಹಾಕಿ ಸೋಫಾದ ನಡುವೆ ಕಣ್ಣು ಮುಚ್ಚಿ ಕೂತುಕೊಳ್ಳಿ. ಗಾಯಕರು, ವಾದ್ಯದವರು ಎಲ್ಲರೂ ಎರಡು ಸ್ಪೀಕರಿನ ನಟ್ಟನಡುವೆ ಒತ್ತೊತ್ತಾಗಿ ನಿಂತಿರಬೇಕು. ಒಂದು ಕಡೆ ವಾಲಿದ್ದರೆ ದೂರದ ಲೆಕ್ಕವೋ ಸದ್ದಿನ ಲೆಕ್ಕವೋ ತಪ್ಪಿದೆ, ಒಂದು ಡೆಸಿಬಲ್ ಹೆಚ್ಚುಕಡಿಮೆಯಾದರೂ ಸರಿದದ್ದು ಗೊತ್ತಾಗುತ್ತದೆ. ನಡುವೆ ಇದ್ದೂ ಮಸುಕಾಗಿ ಹರಡಿದ್ದರೆ ಎಡ ಬಲದ ತಿದ್ದುಪಡಿ ಹೊಂದುತ್ತಿಲ್ಲ, ಇಲ್ಲವೇ ಗೋಡೆಯ ಕಾಟ. ಎಲ್ಲಿಂದ ಬರುತ್ತಿದೆ ಎಂದೇ ತಿಳಿಯದೆ, ಮಂದ್ರವೂ ಸೊರಗಿದ್ದರೆ ಒಂದು ಸ್ಪೀಕರಿನ ಪ್ಲಸ್ ಮೈನಸ್ ವೈರ್ ಅದಲುಬದಲಾಗಿದೆ, ಹಿಂದೆ ಹೋಗಿ ನೋಡಿ.

ಹೊಡೆದಾಟದ ದೃಶ್ಯ ಹಾಕಿ ತೋರಿಸಿದರೆ ಇದೊಂದೂ ಹೊರಬೀಳುವುದಿಲ್ಲ. ಆದ್ದರಿಂದ ಕೊಳ್ಳುವವರು ಸೆಟ್ ಕೂರಿಸಲು ಬಂದವರ ಎದುರೇ ಹಳೆಯ ಮೋನೋ ಹಾಡು ಹಾಕಿಸಿ, ನಡುವೆ ಕೂತು ಕೇಳಿ, ಆಮೇಲೆ ಬಾಕಿ ಹಣ ಕೊಡಿ. ಅಂಗಡಿಯವರೂ ತಮ್ಮ ಹುಡುಗರಿಗೆ ಮೈಕ್ ಎಲ್ಲಿ ಇಡಬೇಕು, ಸಂಗೀತ ಕೇಳುವವರು ಮನೆಯಲ್ಲಿ ಯಾರು ಎಂದು ಕೇಳುವುದನ್ನು ಕಲಿಸಲಿ. 'ಸಾರ್, ನೀವು ಎಲ್ಲಿ ಕೂರ್ತೀರಿ' ಎಂದು ಕೇಳಿದ ಹುಡುಗ 'ಮೇಡಂ, ನೀವು?' ಎಂದು ಒಂದು ಮಾತು ಕೇಳಿದ್ದರೆ ನನ್ನ ಅರ್ಧ ಕೆಲಸ ಅಲ್ಲೇ ಮುಗಿಯುತ್ತಿತ್ತು. ಇದಕ್ಕೆ ಇನ್ನೂ ಒಂದು ಗಂಟೆ ಹಿಡಿಯುತ್ತದೆ, ಅದಕ್ಕೆ ಬೇರೆ ಚಾರ್ಜ್ ಕೇಳಿದರೂ ತಪ್ಪಿಲ್ಲ, ನಾನಂತೂ ಕೊಡುತ್ತಿದ್ದೆ.

ನಿಮ್ಮ ಪುರವಣಿಯವರಲ್ಲೂ ಒಂದು ಕೋರಿಕೆ. ಮುಂದಿನ ಸಲ ಇಂಥ ಸಲಹೆ ಬರೆಯುವಾಗ ವಾಟ್, ಇಂಚುಗಳ ಪಟ್ಟಿಯ ಜೊತೆ ನಮ್ಮೂರಿನ ಟೈಲ್ಸ್ ನೆಲ, ಗಾಜಿನ ಶೋಕೇಸ್, ಗೋಡೆಗೆ ಅಂಟಿದ ಸೋಫಾ ಇವುಗಳಿಗೂ ಅರ್ಧ ಪುಟ ಕೊಡಿ.

ಇತಿ,
ಪಿಯು ಕಾಲೇಜಿನ ಒಬ್ಬ ಭೌತಶಾಸ್ತ್ರ ಉಪನ್ಯಾಸಕಿ,
ದಾವಣಗೆರೆ